ಅಂಶ, ಛೇದ ಮತ್ತು ಹುಬ್ಬಳ್ಳಿಯ ಪ್ಲೇಗು

ಊರಿಂದ ಯಾರಾದರೂ ಪರೇಲಿನ ಟಾಟಾ ಆಸ್ಪತ್ರೆಗೆ ಬಂದರೆ ಜೊತೆಗೆ ಹೋಗಿ ಕೂರುವುದು ಮುಂಬಯಿ ಕನ್ನಡಿಗರಿಗೆ ಹೊಸ ಕೆಲಸವೇನಲ್ಲ. ಹೋದ ವರ್ಷ ನನ್ನ ಸೋದರಮಾವನ ಮಗ ಹುಬ್ಬಳ್ಳಿಯಿಂದ ಬಂದಿದ್ದ. ರಿಪೋರ್ಟು ಸಿಗಲು ಇನ್ನೂ ಎರಡು ತಾಸು ಇತ್ತು. ಚಹಾ ಕುಡಿದು ಹಾಗೇ ಅಡ್ಡಾಡುತ್ತ ಹೋದಾಗ ಹಾಫ್ಕಿನ್ ಸಂಸ್ಥೆಯ ಫಲಕ ಕಣ್ಣಿಗೆ ಬಿತ್ತು. "ಪ್ಲೇಗಿನ ಸೂಜಿ ಮಾಡಿದಾವ ಇವನs ಏನಪಾ? ಆಯಿ ಹೇಳತಿದ್ಲಲ್ಲ" ಅಂದ ಅವನು. ಹೌದು, ಇವನೇ ಅಂದೆ. ಇಬ್ಬರಿಗೂ ಒಟ್ಟಿಗೇ ಆಯಿ ನೆನಪಾದಳು.

ಆಯಿ ಅಂದರೆ ನನಗೆ ತಾಯಿಯ ತಾಯಿ, ಅವನಿಗೆ ತಂದೆಯ ತಾಯಿ. ಅವಳು ಪ್ಲೇಗಿನ ಕಥೆಗಳನ್ನು ತಾನೇ ಕಂಡವಳಂತೆ ಹೇಳುತ್ತಿದ್ದಳು. "ಇಲಿ ಬಿತ್ತೂ ಅಂದ್ರ ಊರ ಬಿಡೂದ" ಎಂದು ಶುರುವಾಗುತ್ತಿತ್ತು ಅದು. ನಿಜಕ್ಕೂ 1898ರ ಹುಬ್ಬಳ್ಳಿಯ ಪ್ಲೇಗಿನ ಹೊತ್ತಿಗೆ ಅವಳು ಹುಟ್ಟಿರಲೇ ಇಲ್ಲ. ಎಲ್ಲ ಅವಳ ತಾಯಿಯ ಬಾಯಿಂದ ಕೇಳಿದ್ದು. ಅದರಲ್ಲಿ ಒಂದು ಕಥೆಯನ್ನು ಮಾತ್ರ ದನಿ ತಗ್ಗಿಸಿ ಹೇಳುತ್ತಿದ್ದಳು. ಅವಳ ದೊಡ್ಡಪ್ಪ ಆ ವರ್ಷ ಮೂರೇ ದಿನದ ಜ್ವರದಲ್ಲಿ ಹೋದನಂತೆ. ಬಗಲಲ್ಲಿ ಗಂಟು ಎದ್ದಿತ್ತಂತೆ. ಆದರೆ ಮನೆಯವರು ಕೇಳಿದವರಿಗೆಲ್ಲ "ಬರೇ ಜ್ವರಾ" ಎಂದೇ ಹೇಳಿದರಂತೆ. ಪ್ಲೇಗು ಅಂತ ಗೊತ್ತಾದರೆ ಮನೆಯ ಹಂಚು ತೆಗೆಸಿ, ಹಾಸಿಗೆ ಬಟ್ಟೆ ಸುಟ್ಟು, ಉಳಿದವರನ್ನು ಊರ ಹೊರಗಿನ ಕ್ಯಾಂಪಿಗೆ ಕಳಿಸುತ್ತಿದ್ದರು. ಅದಕ್ಕೆ ಅಂಜಿ ಮುಚ್ಚಿಟ್ಟರು. "ಅಂವ ಸೂಜಿ ಮಾಡಿಸ್ಕೊಂಡಿದ್ನೋ ಇಲ್ಲೋ ಅದೂ ಗೊತ್ತಿಲ್ಲ" ಎಂದು ಆಯಿ ಮುಗಿಸುತ್ತಿದ್ದಳು.

ನಾನು ಓದಿದ್ದು ಬಿಕಾಂ, ಮಾಡುತ್ತಿರುವುದು ಬ್ಯಾಂಕಿನ ಚಾಕರಿ. ಡಾಕ್ಟರೂ ಅಲ್ಲ, ಇತಿಹಾಸಕಾರನೂ ಅಲ್ಲ. ಆದರೆ ಮೂವತ್ತು ವರ್ಷ ಲೆಡ್ಜರು ತಾಳೆ ನೋಡಿದವನಿಗೆ ಒಂದು ಎಂಟ್ರಿ ತಪ್ಪು ಖಾತೆಗೆ ಬಿದ್ದಿದೆ ಎಂದು ಗೊತ್ತಾದರೆ ಸುಮ್ಮನಿರುವುದು ಕಷ್ಟ. ನಮ್ಮ ಮನೆಯ ಒಂದು ಸಾವು 1898ರ ಸರಕಾರಿ ಲೆಕ್ಕದಲ್ಲಿ ತಪ್ಪು ಖಾತೆಯಲ್ಲಿದೆ. ಅಂಥ ಎಷ್ಟು ಮನೆಗಳ ಎಂಟ್ರಿಗಳು ಸೇರಿ 'ಈ ಲಸಿಕೆ ಕೆಲಸ ಮಾಡುತ್ತದೆ' ಎಂಬ ತೀರ್ಮಾನ ಆಯಿತು? ಅದನ್ನು ತಿಳಿಯಲು ಹೊರಟು ಸಿಕ್ಕಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಕಥೆ ಶುರುವಾಗುವುದು ಮುಂಬಯಿಯಲ್ಲೇ. 1896ರ ಸೆಪ್ಟೆಂಬರಿನಲ್ಲಿ ಮಾಂಡವಿ ಬಂದರಿನ ಗೋದಾಮುಗಳ ಸುತ್ತ ಜನ ವಿಚಿತ್ರ ಜ್ವರದಿಂದ ಸಾಯತೊಡಗಿದರು. ಅಲ್ಲಿ ವೈದ್ಯ ವೃತ್ತಿ ಮಾಡುತ್ತಿದ್ದ ಗೋವಾ ಮೂಲದ ಡಾ. ಅಕಾಸಿಯೊ ವಿಯೇಗಸ್ ಇದು ಗಡ್ಡೆ ಪ್ಲೇಗು ಎಂದು ಗುರುತಿಸಿ ಬಹಿರಂಗವಾಗಿ ಹೇಳಿದರು. ಅಲ್ಲಿಂದ ಮುಂದೆ ಮನೆ ಶೋಧ, ರೋಗಿಗಳನ್ನು ಆಸ್ಪತ್ರೆಗೆ ಎಳೆದೊಯ್ಯುವುದು, ಸಂಬಂಧಿಕರನ್ನು ಬೇರ್ಪಡಿಸುವುದು ಎಲ್ಲ ಆರಂಭವಾಯಿತು. 1897ರ ಫೆಬ್ರವರಿಯಲ್ಲಿ ಎಪಿಡೆಮಿಕ್ ಡಿಸೀಸಸ್ ಕಾಯ್ದೆಯೇ ಬಂತು. 2020ರಲ್ಲಿ ಕೋವಿಡ್ ಬಂದಾಗ ನಾವೆಲ್ಲ ಹೆಸರು ಕೇಳಿದೆವಲ್ಲ, ಅದೇ ಕಾಯ್ದೆ. ಪುಣೆಯಲ್ಲಿ ಪ್ಲೇಗು ಅಧಿಕಾರಿ ರ‍್ಯಾಂಡ್‌ನ ಮೇಲೆ ಚಾಪೇಕರ್ ಸೋದರರು ಗುಂಡು ಹಾರಿಸಿದ್ದು 1897ರ ಜೂನ್ 22ರಂದು. ಮುಂಬಯಿಯಲ್ಲೂ 1898ರ ಮಾರ್ಚ್ 9ರಂದು ಶೋಧದ ತಂಡ ಒಂದು ಮನೆಯ ಹೆಣ್ಣುಮಗಳನ್ನು ಪರೀಕ್ಷಿಸಲು ಹೋಗಿ ದೊಡ್ಡ ದಂಗೆಯೇ ಆಯಿತು.

ಈ ಜೋರುಜಬರದಸ್ತಿಯ ಮೊದಲ ಪೆಟ್ಟು ಬಿದ್ದದ್ದು ಲೆಕ್ಕದ ಮೇಲೆ. ಪ್ಲೇಗು ಅಂತ ಬರೆಸಿದರೆ ಮನೆ ಹೋಗುತ್ತದೆ, ಜ್ವರ ಅಂತ ಬರೆಸಿದರೆ ಮನೆ ಉಳಿಯುತ್ತದೆ. ಹೀಗಿದ್ದಾಗ ನೀವಾದರೂ ಏನು ಬರೆಸುತ್ತಿದ್ದಿರಿ? ಪಾಲಿಕೆಯ ಅಧಿಕಾರಿಗಳೂ ದಡ್ಡರಿರಲಿಲ್ಲ. ಪ್ಲೇಗಿನ ಸಾವು ಎಂದು ಬರೆದದ್ದು ಸ್ವಲ್ಪ, ಆದರೆ 'ಜ್ವರ', 'ಉಸಿರಾಟದ ರೋಗ' ಎಂಬ ಖಾತೆಗಳು ಮಾತ್ರ ಒಮ್ಮೆಲೇ ಉಬ್ಬಿವೆ ಎಂಬುದು ಅವರ ಕಣ್ಣಿಗೂ ಬಿತ್ತು. ಹಾಗಾಗಿ ಅವರು ಕಾರಣವನ್ನು ಬದಿಗಿಟ್ಟು ಒಟ್ಟು ಸಾವುಗಳನ್ನು ಎಣಿಸಿದರು. ಹಿಂದಿನ ವರ್ಷಗಳಲ್ಲಿ ಅದೇ ವಾರಕ್ಕೆ ಸರಾಸರಿ ಎಷ್ಟು ಜನ ಸಾಯುತ್ತಿದ್ದರೋ ಅದನ್ನು ಕಳೆದರು. ಉಳಿದ ಹೆಚ್ಚುವರಿಯ ಬಹುಪಾಲು ಪ್ಲೇಗಿನದೇ ಎಂದು ಹಿಡಿದರು. ಕಾರಣ ಮುಚ್ಚಿಡಬಹುದು, ಹೆಣ ಮುಚ್ಚಿಡುವುದು ಕಷ್ಟ. ಸ್ಮಶಾನ, ಕಬರಸ್ತಾನಗಳ ಲೆಕ್ಕ ಹೇಗೂ ಸಿಗುತ್ತಿತ್ತು.

ಇದು ಅಂಶದ ಕಥೆ. ಶಾಲೆಯಲ್ಲಿ ಭಿನ್ನರಾಶಿ ಕಲಿತದ್ದು ನೆನಪಿಸಿಕೊಳ್ಳಿ. ಗೆರೆಯ ಮೇಲಿರುವುದು ಅಂಶ, ಕೆಳಗಿರುವುದು ಛೇದ. ಸತ್ತವರು ಅಂಶವಾದರೆ ಊರಲ್ಲಿದ್ದವರು ಛೇದ. 1891ರ ಜನಗಣತಿಯ ಪ್ರಕಾರ ಮುಂಬಯಿಯ ಜನಸಂಖ್ಯೆ 8.21 ಲಕ್ಷ. ಆದರೆ 1897ರ ಆರಂಭದಲ್ಲಿ ಊರಿನ ಅರ್ಧದಷ್ಟು ಜನ ರೈಲು, ಹಡಗು, ಎತ್ತಿನ ಗಾಡಿ ಹಿಡಿದು ಓಡಿಹೋಗಿದ್ದರೆಂದು ಅಂದಿನ ಅಂದಾಜು. ಸತ್ತವರನ್ನು 8.21 ಲಕ್ಷದಿಂದ ಭಾಗಿಸಿದರೆ ಬರುವ ಪ್ರಮಾಣ ಒಂದು, ಅದರ ಅರ್ಧದಿಂದ ಭಾಗಿಸಿದರೆ ಅದರ ಎರಡರಷ್ಟು. ಸಾವು ಅಷ್ಟೇ, ಛೇದ ಮಾತ್ರ ಬೇರೆ. ಸಾವಿನ ಲೆಕ್ಕದಲ್ಲಿ ಎಲ್ಲರೂ ಅಂಶದ ಬಗ್ಗೆ ಜಗಳಾಡುತ್ತಾರೆ, ಛೇದವನ್ನು ಯಾರೂ ಕೇಳುವುದಿಲ್ಲ.

ಈ ಗದ್ದಲದ ನಡುವೆ 1896ರ ಅಕ್ಟೋಬರಿನಲ್ಲಿ ಮುಂಬಯಿಗೆ ಬಂದವನು ವಾಲ್ಡೆಮರ್ ಹಾಫ್ಕಿನ್. ಒಡೆಸ್ಸಾದ ಯಹೂದಿ, ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯಲ್ಲಿ ಪಳಗಿದವನು. ಅಷ್ಟರಲ್ಲಾಗಲೇ ಭಾರತದಲ್ಲಿ ಸಾವಿರಾರು ಜನರಿಗೆ ಕಾಲರಾ ಲಸಿಕೆ ಹಾಕಿದ್ದ. ಗ್ರ್ಯಾಂಟ್ ಮೆಡಿಕಲ್ ಕಾಲೇಜಿನಲ್ಲಿ ಸಿಕ್ಕ ಚಿಕ್ಕ ಜಾಗದಲ್ಲಿ ಪ್ಲೇಗಿನ ರೋಗಾಣು ಬೆಳೆಸಿ, ಕಾಯಿಸಿ ಕೊಂದು, ಲಸಿಕೆ ತಯಾರಿಸಿ, 1897ರ ಜನವರಿ 10ರಂದು ಮೊದಲು ತಾನೇ ಚುಚ್ಚಿಸಿಕೊಂಡ. ಆ ತಿಂಗಳ ಕೊನೆಗೆ ಭಾಯಖಳಾದ ಜೈಲಿನಲ್ಲಿ ಪ್ಲೇಗು ಕಾಣಿಸಿಕೊಂಡಿತು. ಜನವರಿ 30ರಂದು 154 ಕೈದಿಗಳು ತಾವಾಗಿ ಮುಂದೆ ಬಂದು ಲಸಿಕೆ ಹಾಕಿಸಿಕೊಂಡರು. ಹೆಚ್ಚುಕಡಿಮೆ ಅಷ್ಟೇ ಜನ ಬೇಡವೆಂದು ಉಳಿದರು. ಎಲ್ಲರಿಗೂ ಅದೇ ಅನ್ನ, ಅದೇ ಕೋಣೆ, ಅದೇ ಗೋಡೆ. ಮೇಲಾಗಿ ಜೈಲಿನಲ್ಲಿ ಯಾರೂ ಓಡಿಹೋಗುವುದಿಲ್ಲ, ಯಾರೂ ರೋಗ ಮುಚ್ಚಿಡಲಾಗುವುದಿಲ್ಲ. ಅಂಶವೂ ಛೇದವೂ ಎರಡೂ ಕೈಯಲ್ಲಿ!

ಫಲಿತಾಂಶ ಹೀಗಿತ್ತು. ಲಸಿಕೆ ಹಾಕಿಸಿಕೊಳ್ಳದವರಲ್ಲಿ 12 ಜನರಿಗೆ ಪ್ಲೇಗು, 6 ಸಾವು. ಹಾಕಿಸಿಕೊಂಡವರಲ್ಲಿ 2 ಜನರಿಗೆ ಪ್ಲೇಗು, ಸಾವಿಲ್ಲ. ಆದರೆ ಇಲ್ಲೊಂದು ಅಡಿಟಿಪ್ಪಣಿ ಇದೆ. ಲಸಿಕೆ ಹಾಕಿಸಿಕೊಂಡ ದಿನವೇ ಇನ್ನೂ ಮೂವರಲ್ಲಿ ರೋಗ ಕಾಣಿಸಿಕೊಂಡು ಆ ಮೂವರೂ ಸತ್ತರು. ಅವರಿಗೆ ಮೊದಲೇ ರೋಗ ತಗುಲಿತ್ತು, ಲಸಿಕೆಗೆ ಕೆಲಸ ಮಾಡಲು ಸಮಯವೇ ಇರಲಿಲ್ಲ ಎಂದು ಹಾಫ್ಕಿನ್ ಅವರನ್ನು ಲೆಕ್ಕದಿಂದ ಬಿಟ್ಟ. ಮಾತು ಸರಿಯೇ. ಆದರೆ ಅವರನ್ನು ಸೇರಿಸಿದರೆ 'ಸಾವಿಲ್ಲ' ಎಂಬುದು 'ಮೂರು ಸಾವು' ಆಗುತ್ತದೆ. ಲಸಿಕೆ ಆಗಲೂ ಗೆಲ್ಲುತ್ತದೆ, ಆದರೆ ಅಷ್ಟು ದೊಡ್ಡದಾಗಿ ಅಲ್ಲ. ಯಾರನ್ನು ಎಣಿಸಬೇಕು, ಯಾವ ದಿನದಿಂದ ಎಣಿಸಬೇಕು ಎಂಬುದನ್ನು ಎಣಿಸುವ ಮುಂಚೆಯೇ ಬರೆದಿಡಬೇಕು ಎಂದು ಇಂದು ಹೇಳುವುದು ಇದಕ್ಕೇ.

ಇದಕ್ಕಿಂತ ಚೊಕ್ಕವಾದ ಲೆಕ್ಕ ಸಿಕ್ಕಿದ್ದು ಬರೋಡಾ ಸಂಸ್ಥಾನದ ಉಂಢೇರಾ ಎಂಬ ಹಳ್ಳಿಯಲ್ಲಿ. 1898ರ ಫೆಬ್ರವರಿಯಲ್ಲಿ ಅಲ್ಲಿ ಪ್ಲೇಗು ಜೋರಾಗಿತ್ತು. ಹಾಫ್ಕಿನ್ ಮತ್ತು ಅವನ ಜೊತೆಗಾರರು ಊರವರನ್ನು ಮನೆ ಮನೆಯಾಗಿ ಕೂಡಿಸಿ, ಪ್ರತಿ ಕುಟುಂಬದಲ್ಲಿ ಗಂಡಸರು, ಹೆಂಗಸರು, ಮಕ್ಕಳು ಎಂದು ನೋಡಿ ಸುಮಾರು ಅರ್ಧ ಜನರಿಗೆ ಮಾತ್ರ ಲಸಿಕೆ ಹಾಕಿದರು. ಆಮೇಲೆ ಬಂದು ನೋಡಿದಾಗ 28 ಕುಟುಂಬಗಳಲ್ಲಿ ಪ್ಲೇಗು ಹೊಕ್ಕಿತ್ತು. ಆ ಮನೆಗಳಲ್ಲಿ ಲಸಿಕೆ ಆದವರು 71 ಜನ, ಸತ್ತವರು 3. ಲಸಿಕೆ ಆಗದವರು 64 ಜನ, ಸತ್ತವರು 26. ನೂರಕ್ಕೆ 4 ಎಲ್ಲಿ, 40 ಎಲ್ಲಿ! ಒಂದೇ ಸೂರು, ಒಂದೇ ಇಲಿ, ಒಂದೇ ಚಿಗಟ. ಶ್ರೀಮಂತರು ಹಾಕಿಸಿಕೊಂಡರು, ಬಡವರು ಬಿಟ್ಟರು ಎಂಬ ತಕರಾರಿಗೂ ಜಾಗವಿಲ್ಲ.

ಈ ಲೆಕ್ಕವನ್ನು ಮೊದಲ ಸಲ ಓದಿದಾಗ ಬ್ಯಾಲೆನ್ಸ್ ಶೀಟು ತಾಳೆಯಾದಷ್ಟು ಖುಷಿಯಾಯಿತು. ಆಮೇಲೆ ಆ 26 ಜನ ನೆನಪಾದರು. ಒಂದೇ ಮನೆಯಲ್ಲಿ ಅಣ್ಣನಿಗೆ ಹಾಕಿ ತಮ್ಮನಿಗೆ ಬಿಟ್ಟರು. ಆ ಹೊತ್ತಿಗೆ ಲಸಿಕೆ ಉಪಯೋಗಕ್ಕೆ ಬರುತ್ತದೆ ಎಂಬ ನಂಬಿಕೆ ಹಾಫ್ಕಿನ್‌ಗೆ ಇತ್ತು, ಆದರೆ ಲೋಕಕ್ಕೆ ಇರಲಿಲ್ಲ. ಲೋಕವನ್ನು ನಂಬಿಸಲು ಅರ್ಧ ಜನರನ್ನು ಬಿಡಬೇಕಾಯಿತು. ಛೇದ ಚೊಕ್ಕವಾಗಿದ್ದರ ಬೆಲೆ ಅದು.

ಇದಾದ ಮೂರು ತಿಂಗಳಿಗೆ ಹುಬ್ಬಳ್ಳಿ. ಇಲ್ಲಿ ನಡೆದದ್ದು ಪೂರ್ತಿ ಉಲ್ಟಾ. ಸುಮಾರು 50 ಸಾವಿರ ಜನರಿದ್ದ ಊರು. ರೈಲು ವರ್ಕ್‌ಶಾಪು, ಹತ್ತಿ ಗಿರಣಿ, ಪೇಟೆ ಎಲ್ಲ ಇದ್ದ ಜಂಕ್ಷನ್ನು. 1898ರ ಮೇ ತಿಂಗಳಿಂದ ಸೆಪ್ಟೆಂಬರಿನವರೆಗೆ ಪ್ಲೇಗು ಅಧಿಕಾರಿ ಲ್ಯೂಮನ್ ಎಂಬ ಮಿಲಿಟರಿ ವೈದ್ಯನ ಉಸ್ತುವಾರಿಯಲ್ಲಿ 35 ಸಾವಿರಕ್ಕೂ ಹೆಚ್ಚು ಜನರಿಗೆ ಲಸಿಕೆ ಹಾಕಿದರು. ಅರ್ಧ ಊರು, ಅರ್ಧ ಮನೆ ಎಂಬ ಮಾತೇ ಇಲ್ಲ. ಬಂದವರಿಗೆಲ್ಲ ಹಾಕಿದರು. ಲಸಿಕೆಯ ಚೀಟಿ ಇದ್ದವರಿಗೆ ಕ್ಯಾಂಪಿನ ವಾಸ, ತಡೆ-ತಪಾಸಣೆಗಳಿಂದ ವಿನಾಯಿತಿ ಕೊಡುವ ಪದ್ಧತಿ ಮುಂಬಯಿ ಪ್ರಾಂತ್ಯದಲ್ಲಿ ಆಗ ಬಂದಿತ್ತು. ಸೂಜಿಗಿಂತ ಕ್ಯಾಂಪಿನ ಭಯವೇ ದೊಡ್ಡದಾಗಿದ್ದ ಜನಕ್ಕೆ ಅಷ್ಟು ಸಾಕಾಗಿತ್ತು.

ಲ್ಯೂಮನ್ ವಾರವಾರವೂ ಲೆಕ್ಕ ಇಟ್ಟ. ಈ ವಾರ ಲಸಿಕೆ ಆದವರು ಎಷ್ಟು, ಅವರಲ್ಲಿ ಸತ್ತವರು ಎಷ್ಟು. ಆಗದವರು ಎಷ್ಟು, ಅವರಲ್ಲಿ ಸತ್ತವರು ಎಷ್ಟು. ವಾರ ಕಳೆದಂತೆ ಲಸಿಕೆ ಆಗದವರ ಸಾವಿನ ಪ್ರಮಾಣ ಗಾಬರಿಯಾಗುವಷ್ಟು ಏರಿತು, ಆದವರದು ತಳದಲ್ಲೇ ಉಳಿಯಿತು. ಹುಬ್ಬಳ್ಳಿಯ ಹೆಸರು ಲಂಡನ್ನಿನವರೆಗೆ ಹೋಯಿತು.

ಆದರೆ ಒಂದು ಪ್ರಶ್ನೆ. ಲಸಿಕೆ ಆಗದವರು ಎಷ್ಟು ಎಂದು ಅವರಿಗೆ ಗೊತ್ತಾದದ್ದು ಹೇಗೆ? ಊರಿನ ಒಟ್ಟು ಜನಸಂಖ್ಯೆಯಲ್ಲಿ ಲಸಿಕೆ ಆದವರನ್ನು ಕಳೆದು ಉಳಿದದ್ದು! ಇಲ್ಲಿ ನನ್ನಂಥ ಬ್ಯಾಂಕಿನವನ ಕಿವಿ ನೆಟ್ಟಗಾಗುತ್ತದೆ. ಒಟ್ಟು ಜನಸಂಖ್ಯೆಯ ಅಂದಾಜಿನಲ್ಲಿ 2 ಸಾವಿರ ತಪ್ಪಿದೆ ಅನ್ನಿ. ಮೊದಲ ವಾರ ಲಸಿಕೆ ಆಗದವರು 45 ಸಾವಿರ ಇದ್ದಾಗ ಆ ತಪ್ಪು ಲೆಕ್ಕಕ್ಕೇ ಬರುವುದಿಲ್ಲ. ಆದರೆ ಕೊನೆಕೊನೆಗೆ ಪುಸ್ತಕದಲ್ಲಿ 2 ಸಾವಿರ ಜನ ಮಾತ್ರ ಉಳಿದಿದ್ದಾಗ, ನಿಜಕ್ಕೂ 4 ಸಾವಿರ ಇದ್ದರೆ, ಸಾವಿನ ಪ್ರಮಾಣ ಒಮ್ಮೆಲೇ ಅರ್ಧಕ್ಕೆ ಇಳಿಯುತ್ತದೆ. ತಪ್ಪು ಬೆಳೆದಿಲ್ಲ, ಛೇದ ಕರಗಿದೆ ಅಷ್ಟೇ.

ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಗ್ರಾಮೀಣ ಶಾಖೆಯೊಂದರಲ್ಲಿ ಇದ್ದೆ. ಒಂದು ವರ್ಷ ಅಲ್ಲಿಯ ಸಾಲ ವಸೂಲಿ ಪ್ರಮಾಣ ದಿಢೀರನೆ ಏರಿ ಮ್ಯಾನೇಜರಿಗೆ ಶಹಬ್ಬಾಸ್‌ಗಿರಿ ಬಂತು. ನೋಡಿದರೆ ವಸೂಲಾದ ಹಣ ಹಿಂದಿನ ವರ್ಷದಷ್ಟೇ. ಹಳೆಯ ಬಾಕಿಗಳನ್ನು ರೈಟ್ ಆಫ್ ಮಾಡಿದ್ದರಿಂದ ವಸೂಲಾಗಬೇಕಾದ ಮೊತ್ತ ಕಡಿಮೆಯಾಗಿತ್ತು. ಯಾರೂ ಸುಳ್ಳು ಹೇಳಿರಲಿಲ್ಲ. ಎಲ್ಲ ಅಂಕಿಗಳೂ ಸರಿ ಇದ್ದವು!

ಇನ್ನೊಂದು ತೊಡಕು ದಿನಗಳದು. ಸೋಮವಾರ ಇನ್ನೂ ಸೂಜಿ ಆಗದವನು ಗುರುವಾರ ಹಾಕಿಸಿಕೊಂಡರೆ ಆ ವಾರ ಅವನು ಯಾವ ಖಾತೆಗೆ? ನಿಮಗೆ ನೆನಪಿರಬಹುದು, ಮೊದಲು ಉಳಿತಾಯ ಖಾತೆಗೆ ಬಡ್ಡಿ ಹಾಕುವಾಗ ತಿಂಗಳ 10ನೇ ತಾರೀಖಿನಿಂದ ಕೊನೆಯ ದಿನದವರೆಗಿನ ಕನಿಷ್ಠ ಬ್ಯಾಲೆನ್ಸ್ ಮಾತ್ರ ನೋಡುತ್ತಿದ್ದೆವು. 2010ರ ಏಪ್ರಿಲ್ 1ರಿಂದ ಡೈಲಿ ಪ್ರಾಡಕ್ಟ್ ಬಂತು. ದುಡ್ಡು ಎಷ್ಟು ದಿನ ಖಾತೆಯಲ್ಲಿತ್ತೋ ಅಷ್ಟು ದಿನಕ್ಕೆ ಬಡ್ಡಿ. ಸಾರ್ವಜನಿಕ ಆರೋಗ್ಯದ ಲೆಕ್ಕದವರೂ ಇಂದು ಮಾಡುವುದು ಇದನ್ನೇ. ಒಬ್ಬ ಮನುಷ್ಯ ಲಸಿಕೆ ಇಲ್ಲದೆ ಕಳೆದ ದಿನಗಳು ಒಂದು ಖಾತೆಗೆ, ಲಸಿಕೆಯ ನಂತರದ ದಿನಗಳು ಇನ್ನೊಂದಕ್ಕೆ. ತಲೆ ಎಣಿಸುವುದರ ಬದಲು ತಲೆ-ದಿನಗಳನ್ನು ಎಣಿಸುವುದು.

ಇಂಥ ತಕರಾರುಗಳನ್ನು ಅಂದೂ ಎತ್ತಿದ್ದರು. ಥಾಮಸ್ ಫ್ರೇಸರ್ ಅಧ್ಯಕ್ಷತೆಯ ಪ್ಲೇಗು ಆಯೋಗ 1898-99ರಲ್ಲಿ ದೇಶವೆಲ್ಲ ಸುತ್ತಿ ಸಾಕ್ಷ್ಯ ಪಡೆಯಿತು. ಲಸಿಕೆಯಿಂದ ರೋಗವೂ ಸಾವೂ ಕಡಿಮೆಯಾಗುತ್ತವೆ ಎಂದು ಒಪ್ಪಿತು, ಆದರೆ ಅಂಕಿಅಂಶಗಳಲ್ಲಿ ದೋಷಗಳಿವೆ ಎಂದೂ ಹೇಳಿತು. ಆ ಆಯೋಗದ ಸದಸ್ಯರಲ್ಲಿ ಒಬ್ಬ ಆಲ್ಮ್ರಾತ್ ರೈಟ್. ಸ್ವಾರಸ್ಯ ನೋಡಿ, 1904ರಲ್ಲಿ ಅವನದೇ ವಿಷಮಶೀತ ಜ್ವರದ ಲಸಿಕೆಯ ಅಂಕಿಗಳನ್ನು ಕಾರ್ಲ್ ಪಿಯರ್ಸನ್ ಎಂಬ ಸಂಖ್ಯಾಶಾಸ್ತ್ರಜ್ಞ ತೂಗಿ ನೋಡಿ ಇವು ಸಾಲವು ಎಂದ. ಇಬ್ಬರಿಗೂ ದೊಡ್ಡ ಜಗಳವೇ ಆಯಿತು. ಮುಂದೆ 1915ರಲ್ಲಿ ಗ್ರೀನ್‌ವುಡ್ ಮತ್ತು ಯೂಲ್ ಎಂಬಿಬ್ಬರು ಇಂಥ ಹೋಲಿಕೆಗೆ ಷರತ್ತುಗಳನ್ನು ಬರೆದಿಟ್ಟರು. ಲಸಿಕೆ ಆದವರೂ ಆಗದವರೂ ಉಳಿದೆಲ್ಲದರಲ್ಲಿ ಒಂದೇ ತರಹ ಇರಬೇಕು. ಇಬ್ಬರಿಗೂ ರೋಗ ತಗುಲುವ ಅವಕಾಶ ಒಂದೇ ಇರಬೇಕು. ಲಸಿಕೆ ಆಗಿದೆಯೇ ಎಂಬ ತೀರ್ಮಾನಕ್ಕೂ ರೋಗ ಬಂದಿದೆಯೇ ಎಂಬ ತೀರ್ಮಾನಕ್ಕೂ ಒಂದರ ನೆರಳು ಇನ್ನೊಂದರ ಮೇಲೆ ಬೀಳಬಾರದು.

ಈ ಮೂರನೆಯ ಷರತ್ತು ನಮ್ಮ ದಕ್ಷಿಣದಲ್ಲೇ ಪೂರ್ತಿ ಪಾಲನೆಯಾದ ಒಂದು ಉದಾಹರಣೆ ಇದೆ. 1968ರಿಂದ 1971ರವರೆಗೆ ತಮಿಳುನಾಡಿನ ಚೆಂಗಲ್‌ಪಟ್ಟು ಜಿಲ್ಲೆಯಲ್ಲಿ ಕ್ಷಯರೋಗದ ಬಿಸಿಜಿ ಲಸಿಕೆಯ ಪರೀಕ್ಷೆ ನಡೆಯಿತು. ಎರಡೂವರೆ ಲಕ್ಷಕ್ಕೂ ಹೆಚ್ಚು ಜನ ಅದರಲ್ಲಿದ್ದರು. ಕೆಲವರಿಗೆ ಲಸಿಕೆ, ಕೆಲವರಿಗೆ ಮದ್ದಿಲ್ಲದ ಬರೀ ದ್ರವ. ಬಾಟಲಿಯ ಮೇಲೆ ಗುಪ್ತ ಸಂಕೇತ ಮಾತ್ರ. ಹಾಕುವವನಿಗೂ ಗೊತ್ತಿಲ್ಲ, ಹಾಕಿಸಿಕೊಳ್ಳುವವನಿಗೂ ಗೊತ್ತಿಲ್ಲ, ಆಮೇಲೆ ಕಫ ಪರೀಕ್ಷಿಸುವವನಿಗೂ ಗೊತ್ತಿಲ್ಲ. ಏಳೂವರೆ ವರ್ಷದ ನಂತರ ಸಂಕೇತ ಬಿಡಿಸಿ ನೋಡಿದರೆ, ದೊಡ್ಡವರ ಶ್ವಾಸಕೋಶದ ಕ್ಷಯಕ್ಕೆ ರಕ್ಷಣೆ ಶೂನ್ಯ! ಜಗತ್ತೇ ಬೆಚ್ಚಿತು. ಎಳೆಯ ಮಕ್ಕಳಿಗೆ ಬರುವ ಮಿದುಳಿನ ಕ್ಷಯದಂಥ ಘೋರ ರೂಪಗಳನ್ನು ತಡೆಯುತ್ತದೆ ಎಂಬ ಕಾರಣಕ್ಕೆ ಬಿಸಿಜಿಯನ್ನು ಇಂದಿಗೂ ಹುಟ್ಟಿದ ಮಗುವಿಗೆ ಹಾಕುತ್ತಾರೆ. ಅದು ಬೇರೆ ಮಾತು. ಆದರೆ ಬೇಡದ ಉತ್ತರವನ್ನೂ ಬಾಯಿಬಿಟ್ಟು ಹೇಳುವ ಲೆಕ್ಕ ಅದು. ಅಂಥ ಲೆಕ್ಕವನ್ನು ಮಾತ್ರ ನಂಬಬಹುದು.

ಇಷ್ಟೆಲ್ಲ ಆದ ಮೇಲೂ ಹಳೆಯ ಮುಂಬಯಿಯ ಉಪಾಯಕ್ಕೆ ವಯಸ್ಸಾಗಿಲ್ಲ. ಕೋವಿಡ್ ಕಾಲದಲ್ಲಿ 2021ರ ಕೊನೆಯವರೆಗೆ ನಮ್ಮ ದೇಶದ ಅಧಿಕೃತ ಸಾವಿನ ಲೆಕ್ಕ ಸುಮಾರು 4.8 ಲಕ್ಷ ಇತ್ತು. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೆಚ್ಚುವರಿ ಸಾವಿನ ವಿಧಾನದಿಂದ 47 ಲಕ್ಷ ಎಂದಿತು. ಸರಕಾರ ಒಪ್ಪಲಿಲ್ಲ. 2025ರಲ್ಲಿ ಪ್ರಕಟವಾದ ನೋಂದಣಿಯ ಲೆಕ್ಕದಲ್ಲಿ 2020ರಲ್ಲಿ 81 ಲಕ್ಷ ಇದ್ದ ಒಟ್ಟು ಸಾವು 2021ರಲ್ಲಿ 1.02 ಕೋಟಿಗೆ ಏರಿತ್ತು. ಅದರಲ್ಲಿ ಎಷ್ಟು ರೋಗದ್ದು, ಎಷ್ಟು ನೋಂದಣಿ ಸುಧಾರಿಸಿದ್ದರಿಂದ ಎಂಬ ಚರ್ಚೆ ಬಲ್ಲವರಿಗೆ ಬಿಟ್ಟದ್ದು. ಕಾರಣ ಬಿಟ್ಟು ಹೆಣ ಎಣಿಸಿ ಎಂಬ 1897ರ ಪಾಠ ಮಾತ್ರ ಹಾಗೇ ಇದೆ.

ಉಂಢೇರಾದ ಲೆಕ್ಕ ಚೊಕ್ಕ, ಯಾಕೆಂದರೆ ಅಲ್ಲಿ ಅರ್ಧ ಜನರನ್ನು ಬಿಟ್ಟರು. ಹುಬ್ಬಳ್ಳಿಯ ಲೆಕ್ಕ ಕಲಸುಮೇಲೋಗರ, ಯಾಕೆಂದರೆ ಅಲ್ಲಿ ಯಾರನ್ನೂ ಬಿಡಲಿಲ್ಲ. ಹುಬ್ಬಳ್ಳಿಯವನಾಗಿ ನನಗೆ ನಮ್ಮ ಊರಿನ ಕೆಟ್ಟ ಲೆಕ್ಕವೇ ಇಷ್ಟ. ಆದರೆ ಉಂಢೇರಾದ ಒಳ್ಳೆಯ ಲೆಕ್ಕ ಕೈಯಲ್ಲಿ ಇದ್ದದ್ದರಿಂದಲೇ ಹುಬ್ಬಳ್ಳಿಯ ಸೂಜಿಯನ್ನು ಜಗತ್ತು ನಂಬಿತು ಎಂಬುದನ್ನೂ ಮರೆಯುವ ಹಾಗಿಲ್ಲ. ಆ 26 ಜನರ ಋಣ ನಮ್ಮ ಮೇಲಿದೆ.

ಇನ್ನು ಆಯಿಯ ದೊಡ್ಡಪ್ಪ. ಸೂಜಿ ಆಗಿತ್ತೋ ಇಲ್ಲವೋ, ಗೊತ್ತಿಲ್ಲ. ಹಾಗಾಗಿ ಅವನ ಸಾವನ್ನು ಮುಚ್ಚಿಟ್ಟಿದ್ದರಿಂದ ಲಸಿಕೆಗೆ ಒಳ್ಳೆಯ ಹೆಸರು ಬಂತೋ ಕೆಟ್ಟ ಹೆಸರು ಬಂತೋ ಅದನ್ನೂ ಹೇಳುವಂತಿಲ್ಲ. ಮನೆಯವರನ್ನು ನಾನು ದೂರುವುದಿಲ್ಲ. ಅವರು ಉಳಿಸಿಕೊಂಡದ್ದು ಮನೆಯನ್ನು, ಮಕ್ಕಳನ್ನು. ಹೆದರಿಸಿ ಕೇಳಿದರೆ ಜನ ಹೆದರಿದ ಉತ್ತರವನ್ನೇ ಕೊಡುತ್ತಾರೆ, ಆ ಉತ್ತರವೇ ಆಮೇಲೆ ಅಂಕಿಅಂಶವಾಗುತ್ತದೆ.

ಅಷ್ಟರಲ್ಲಿ ರಿಪೋರ್ಟಿನ ಹೊತ್ತಾಯಿತು ಎಂದು ಮಾವನ ಮಗ ಎದ್ದ. ಆಸ್ಪತ್ರೆಯ ಕಿಟಕಿಯಲ್ಲಿ ಹುಡುಗಿಯೊಬ್ಬಳು ಅವನ ಹೆಸರು, ಊರು, ವಯಸ್ಸು, ಎಷ್ಟು ವರ್ಷದಿಂದ ತಂಬಾಕು ಎಂದು ಕೇಳಿ ಬರೆದುಕೊಳ್ಳುತ್ತಿದ್ದಳು. ತಂಬಾಕಿನ ಪ್ರಶ್ನೆ ಬಂದಾಗ ಅವನು ನನ್ನ ಮುಖ ನೋಡಿದ. "ಖರೇನs ಹೇಳಪಾ" ಅಂದೆ. ಹೇಳಿದ.